ಮುಂದಿನ ಗಾಲಿಗೆ ಹಳೆ ಟೈರು

ಇರಕಲ್ಲಗಡದ ಬಸ್ ನಿಲ್ದಾಣ ದಾಟಿ ನಾಲ್ಕು ಹೆಜ್ಜೆ ಹೋದರೆ ಹಿಟ್ಟಿನ ಗಿರಣಿ. ಗಿರಣಿಯ ಗೋಡೆಗೆ ತಗಡು ಇಳಿಬಿಟ್ಟುಕೊಂಡು ವಿರುಪಾಕ್ಷಪ್ಪನವರ ಸೈಕಲ್ ಅಂಗಡಿ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಅವರು ಮಾಡುವ ಕೆಲಸ ಒಂದೇ. ರಿಪೇರಿಗೆಂದು ಬಿಟ್ಟುಹೋದ ಸೈಕಲ್ಲುಗಳ ಮುಂದಿನ ಗಾಲಿಯನ್ನು ಒಂದೊಂದಾಗಿ ನೆಲದಿಂದ ಎತ್ತಿ, ನಿಧಾನಕ್ಕೆ ಒಂದು ಸುತ್ತು ತಿರುಗಿಸುತ್ತ ಟೈರಿನ ಮೇಲೆ ಹೆಬ್ಬೆರಳು ಆಡಿಸುತ್ತಾರೆ. ಎಲ್ಲಿಯಾದರೂ ತೆಳುವಾಗಿದೆಯೆ, ಸೀಳು ಬಿಟ್ಟಿದೆಯೆ, ನೂಲು ಕಾಣುತ್ತಿದೆಯೆ ಎಂದು ನೋಡುತ್ತಾರೆ. ಹಿಂದಿನ ಗಾಲಿಯನ್ನು ಮುಟ್ಟುವುದಿಲ್ಲ. ಇದು ಮುಗಿಯುವ ತನಕ ಚಹಾ ಕುಡಿಯುವುದಿಲ್ಲ. ಚಳಿಜ್ವರ ಬಂದು ಶಾಲು ಹೊದ್ದುಕೊಂಡು ಬಂದ ದಿನವೂ ಬಿಟ್ಟಿಲ್ಲ. ತಾಯಿಯ ದಿನಕರ್ಮ ಮುಗಿಸಿ ಬಂದ ಬೆಳಿಗ್ಗೆಯೂ ಬಿಟ್ಟಿಲ್ಲ.

ಗಿರಣಿಯ ಗವಿಸಿದ್ದಪ್ಪ ಅವರ ಓರಗೆಯವರು. ಹಿಟ್ಟು ಮೆತ್ತಿದ ಮೈಯಲ್ಲೇ ಹೊರಗೆ ಬಂದು ಕಾಡುತ್ತಾರೆ.

“ಏನೋ ವಿರುಪಾಕ್ಷಿ, ನಾಡಿ ಹಿಡದ್ಯಾ? ಜ್ವರ ಅದಾವೇನು ಟೈರಿಗೆ?”

“ನಿನ್ನ ಗಿರಣಿ ಕಲ್ಲಿಗೆ ಅದಾವು, ನೋಡ್ಕೋ ಹೋಗು. ನಿನ್ನೆ ನಮ್ಮ ಮನಿ ಜ್ವಾಳದ ಹಿಟ್ಟು ರವಾ ಆಗಿ ಬಂದೈತಿ.”

“ಹಿಂದಿನ ಗಾಲಿ ಏನ್ ಪಾಪ ಮಾಡೈತಿ? ಅದನ್ನೂ ಒಮ್ಮೆ ಸವರಬಾರದಾ?”

ಈ ಮಾತು ಬಂದ ಕೂಡಲೇ ವಿರುಪಾಕ್ಷಪ್ಪ ಇನ್ನೊಂದು ಸೈಕಲ್ಲಿನ ಕಡೆ ತಿರುಗುತ್ತಾರೆ.

ಅವರದು ಇನ್ನೊಂದು ಹಟ. ಒಂದೇ ಹೊಸ ಟೈರು ಕೊಳ್ಳುವವರು ಅದನ್ನು ಹಿಂದೆ ಹಾಕಿಸುತ್ತಾರೆ. ಭಾರವೆಲ್ಲ ಹಿಂದೆ, ಸವೆಯುವುದೂ ಹಿಂದೆ. ಹಿಂದಿನಿಂದ ಬಿಚ್ಚಿದ ಸವೆದ ಟೈರು ಮುಂದಿನ ಗಾಲಿಗೆ ಹೋಗಿ ಇನ್ನೊಂದು ವರ್ಷ ಬರುತ್ತದೆ. ನಮ್ಮ ಕಡೆಯ ಸೈಕಲ್ಲುಗಳೆಲ್ಲ ಬದುಕಿದ್ದು ಹೀಗೆಯೇ. ವಿರುಪಾಕ್ಷಪ್ಪ ಹಾಗೆ ಹಾಕಿಕೊಡುವುದಿಲ್ಲ. ಹಾಲು ಹಾಕುವ ಹೇಮಪ್ಪ ಒಮ್ಮೆ ಜಗಳಕ್ಕೇ ನಿಂತಿದ್ದ.

“ಸೈಕಲ್ ನಂದು, ಟೈರ್ ನಂದು, ರೊಕ್ಕ ನಂದು. ನಿಮಗೇನ್ರಿ ತ್ರಾಸು?”

“ಬಿದ್ದು ಕೆತ್ತಿಸ್ಕೊಳ್ಳೋ ಮಾರಿ ಮೂತೀನೂ ನಿಂದ ಐತೆಪ್ಪ. ಹೊಸಾದು ಮುಂದ ಹಾಕಸ್ತಿದ್ರ ಹಾಕಸು, ಇಲ್ಲಂದ್ರ ಕೊಪ್ಪಳಕ್ಕ ಹೋಗು.”

ಹೇಮಪ್ಪ ಕೊಪ್ಪಳಕ್ಕೇ ಹೋದ. ಹಾಗೆ ಹೋದವರು ಬಹಳ ಮಂದಿ. ಊರವರು ಇದನ್ನು ವಯಸ್ಸಿನ ಜೊತೆ ಬರುವ ಹುಚ್ಚು ಎಂದುಕೊಂಡಿದ್ದರು. ಇಪ್ಪತ್ತೆಂಟು ವರ್ಷ ಅದರ ಕಾರಣ ಯಾರಿಗೂ ಗೊತ್ತಿರಲಿಲ್ಲ. ಹೋದ ಶ್ರಾವಣದಲ್ಲಿ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಅವರೇ ನನಗೆ ಹೇಳಿದರು. ಕೇಳಿದ್ದನ್ನು ಕೇಳಿದ ಹಾಗೆ ಬರೆದಿದ್ದೇನೆ.

ಹರೆಯದಲ್ಲಿ ವಿರುಪಾಕ್ಷಪ್ಪ ಮತ್ತು ಅವರ ತಮ್ಮ ಗಾಳೇಶ ಊರೂರಿಗೆ ಹೋಗಿ ಸೈಕಲ್ ಆಟ ಆಡುತ್ತಿದ್ದರು. ಈಗಿನ ಮಕ್ಕಳಿಗೆ ಅದು ಗೊತ್ತಿರಲಿಕ್ಕಿಲ್ಲ. ಊರ ನಡುವಿನ ಬಯಲಿನಲ್ಲಿ ಸುಣ್ಣದಿಂದ ದೊಡ್ಡದೊಂದು ಸುತ್ತು ಎಳೆಯುತ್ತಾರೆ. ಸೈಕಲ್ ಹತ್ತಿದವನು ಏಳು ದಿನ ಇಳಿಯುವಂತಿಲ್ಲ. ಊಟ, ಸ್ನಾನ, ಗಡ್ಡ ಬೋಳಿಸಿಕೊಳ್ಳುವುದು ಎಲ್ಲ ಸೈಕಲ್ಲಿನ ಮೇಲೆಯೇ. ಕಾಲು ನೆಲಕ್ಕೆ ತಾಗಿದರೆ ಆಟ ಮುಗಿಯಿತು. ನಿದ್ದೆ ಹತ್ತಿದರೆ ಮಾನವೂ ಮುಗಿಯಿತು. ಜನ ಸುತ್ತಲೂ ಕುಳಿತು ನೋಡುತ್ತಾರೆ, ಮೆಚ್ಚಿದವರು ಅಂಗಿಗೆ ನೋಟು ಚುಚ್ಚುತ್ತಾರೆ, ಹೆಣ್ಣುಮಕ್ಕಳು ಜೋಳ ತಂದು ಸುರಿಯುತ್ತಾರೆ. ಗಾಳೇಶ ತುಳಿಯುವವನು. ಅಣ್ಣ ಹಲಗೆ ಬಾರಿಸುವವರು, ಸೈಕಲ್ ನೋಡಿಕೊಳ್ಳುವವರು.

ಆ ಸೈಕಲ್ಲು ಎಲ್ಲ ಸೈಕಲ್ಲಿನ ಹಾಗೆ ಇರಲಿಲ್ಲ. ಸಾಮಾನ್ಯ ಸೈಕಲ್ಲಿನಲ್ಲಿ ತುಳಿಯುವುದನ್ನು ನಿಲ್ಲಿಸಿದರೂ ಗಾಲಿ ತಿರುಗುತ್ತಿರುತ್ತದೆ. ಹಿಂದಿನ ಗಾಲಿಯಲ್ಲಿರುವ ಫ್ರೀವೀಲು ಅದಕ್ಕೆ ಕಾರಣ. ವಿರುಪಾಕ್ಷಪ್ಪ ಫ್ರೀವೀಲು ತೆಗೆಸಿ ಹಲ್ಲಿನ ಚಕ್ರವನ್ನು ಗಾಲಿಗೇ ಬೆಸುಗೆ ಹಾಕಿಸಿದ್ದರು. ಗಾಲಿ ತಿರುಗಿದರೆ ಪೆಡಲ್ ತಿರುಗಲೇಬೇಕು. ಹಿಂದಕ್ಕೆ ತುಳಿದರೆ ಸೈಕಲ್ ಹಿಂದಕ್ಕೆ ಹೋಗಲೇಬೇಕು. ಬ್ರೇಕು ಇಲ್ಲ. ನಿಲ್ಲಿಸಬೇಕಾದರೆ ಕಾಲಿನಿಂದ ಪೆಡಲನ್ನು ಒತ್ತಿ ಹಿಡಿಯಬೇಕು, ಆಗ ಹಿಂದಿನ ಟೈರು ನೆಲಕ್ಕೆ ಉಜ್ಜಿ ಜಾರುತ್ತ ನಿಲ್ಲುತ್ತದೆ. ಇವರು ಅದನ್ನು ‘ಗಟ್ಟಿ ಗಾಲಿ’ ಎಂದು ಕರೆಯುತ್ತಿದ್ದರು.

ಗಟ್ಟಿ ಗಾಲಿ ಟೈರನ್ನು ತಿನ್ನುತ್ತದೆ, ಅದೂ ಒಂದೇ ಕಡೆ. ಪೆಡಲಿನ ಹತ್ತಿರದ ಹಲ್ಲಿನ ಚಕ್ರಕ್ಕೆ ನಲವತ್ತೆಂಟು ಹಲ್ಲು, ಹಿಂದಿನ ಗಾಲಿಯದಕ್ಕೆ ಹದಿನಾರು. ಪೆಡಲ್ ಒಂದು ಸುತ್ತು ಬಂದರೆ ಗಾಲಿ ಸರಿಯಾಗಿ ಮೂರು ಸುತ್ತು. ಗಾಳೇಶ ಯಾವಾಗಲೂ ಎಡಗಾಲಿನಿಂದಲೇ ತಡೆಯುವವನು. ಹಾಗಾಗಿ ಪ್ರತಿ ಸಲವೂ ಟೈರಿನ ಅದೇ ಗೇಣು ಜಾಗ ನೆಲಕ್ಕೆ ಸಿಗುತ್ತಿತ್ತು. ಅದೊಂದು ಗೇಣು ಬೋಳಾಗಿ, ಉಳಿದ ಟೈರು ನಿನ್ನೆ ತಂದದ್ದರ ಹಾಗೆ ಇರುತ್ತಿತ್ತು.

“ಉಳದದ್ದೆಲ್ಲಾ ಛಲೋ ಇತ್ರಿ ಯವ್ವಾ,” ಎಂದರು ವಿರುಪಾಕ್ಷಪ್ಪ. “ಅದಕ್ಕ ಒಗ್ಯಾಕ ಮನಸ್ಸು ಬರಲಿಲ್ಲ.”

ಆ ವರ್ಷ ಹನುಮಸಾಗರದಲ್ಲಿ ಏಳು ದಿನದ ಆಟ ಒಪ್ಪಿಕೊಂಡಿದ್ದರು. ಊರ ಪರವಾಗಿ ಮುಂದೆ ನಿಂತವರು ಪಂಪಾಪತಿ ಎಂಬ ಚಹಾದಂಗಡಿಯವರು. ಆಟಕ್ಕೆ ಎರಡು ದಿನ ಮೊದಲು ವಿರುಪಾಕ್ಷಪ್ಪ ಟೈರು ತರಲು ಗಂಗಾವತಿಗೆ ಹೋದರು. ಕೈಯಲ್ಲಿ ಎರಡು ಟೈರಿಗೆ ಆಗುವಷ್ಟು ದುಡ್ಡಿತ್ತು. ಅಂಗಡಿಯ ಫಕ್ರುದ್ದೀನ ಸಾಹೇಬರು ದಪ್ಪ ರಬ್ಬರಿನ ಎರಡು ಟೈರು ತೆಗೆದು ಮುಂದಿಟ್ಟರು.

“ಒಂದ ಸಾಕ್ರಿ ಭಾಯ್. ಹೊಸಾದು ಹಿಂದ ಹಾಕ್ತೀನಿ, ಹಿಂದಿಂದು ಮುಂದಕ್ಕ.”

“ಉಲ್ಟಾ ಮಾಡಬ್ಯಾಡಪಾ. ಹಿಂದಿಂದು ಒಡದ್ರ ಸೈಕಲ್ ನಿಲ್ತೈತಿ. ಮುಂದಿಂದು ಒಡದ್ರ ಮನಷ್ಯಾ ಬೀಳ್ತಾನ.”

“ನಮ್ಮ ಗಾಳ್ಯಾ ಬೀಳೂದಿಲ್ಲ ಬಿಡ್ರಿ. ಆಂವ ಸೈಕಲ್ ಮ್ಯಾಲ ಹುಟ್ಟ್ಯಾನ.”

ಸಾಹೇಬರು ನಕ್ಕು ಒಂದು ಟೈರನ್ನು ಮತ್ತೆ ಮೊಳೆಗೆ ನೇತುಹಾಕಿದರು. ಉಳಿದ ದುಡ್ಡಿಗೆ ವಿರುಪಾಕ್ಷಪ್ಪ ಮಿಂಚುವ ಬಣ್ಣದ ಕಾಗದ ತಂದು ಮುಂದಿನ ಗಾಲಿಯ ಕಡ್ಡಿಗಳಿಗೆಲ್ಲ ಸುತ್ತಿದರು. ಬಿಸಿಲು ಬಿದ್ದರೆ ಗಾಲಿ ಹಸಿರು, ಕೆಂಪು, ಬೆಳ್ಳಿ ಬಣ್ಣದಲ್ಲಿ ಹೊಳೆಯುತ್ತಿತ್ತು. ಆ ಗಾಲಿಗೆ ಹಾಕಿದ ಟೈರಿನ ಬೋಳು ಜಾಗಕ್ಕೆ ಒಳಗಿನಿಂದ ಹಳೆ ಟೈರಿನ ತುಂಡೊಂದನ್ನು ಇಟ್ಟರು. ಸೈಕಲ್ ಅಂಗಡಿಯವರು ಅದಕ್ಕೆ ಗೇಟರ್ ಅನ್ನುತ್ತಾರೆ. ಹೊರಗೆ ಕಾಣುತ್ತಿದ್ದ ನೂಲಿನ ಮೇಲೆ ಕರಿ ಬೂಟ್ ಪಾಲಿಶ್ ಸವರಿದರು. ಗಾಳೇಶ ನೋಡಿದರೆ ಬೇಡ ಅನ್ನುತ್ತಾನೆ ಎಂದು ಅವರಿಗೆ ಗೊತ್ತಿತ್ತು.

ಆರು ದಿನ ಚೆನ್ನಾಗಿ ನಡೆಯಿತು, ಆರನೆಯ ದಿನ ಎದೆಯ ಮೇಲೆ ಟ್ಯೂಬ್‌ಲೈಟ್ ಒಡೆದುಕೊಳ್ಳುವ ಆಟವೂ ಆಯಿತು. ಏಳನೆಯ ದಿನ ಮಧ್ಯಾಹ್ನ ಇಡೀ ಊರು ಬಯಲಿಗೆ ಬಂದಿತ್ತು. ಪಂಪಾಪತಿಯವರು ಹಾರ ಹಿಡಿದುಕೊಂಡು ಸುಣ್ಣದ ಗೆರೆಯ ಹತ್ತಿರ ನಿಂತಿದ್ದರು. ಕೊನೆಯ ಆಟ ಒಂದೇ ಉಳಿದಿತ್ತು. ಸೀಟಿನ ಮೇಲೆ ಒಂದು ಕಾಲು, ಹ್ಯಾಂಡಲ್ಲಿನ ಮೇಲೆ ಒಂದು ಕಾಲು ಇಟ್ಟು, ಎರಡೂ ಕೈ ಚಾಚಿ ಒಂದು ಸುತ್ತು ಬರುವುದು. ವಿರುಪಾಕ್ಷಪ್ಪ ಹಲಗೆಯನ್ನು ಕೈ ಸೋಲುವ ಹಾಗೆ ಬಾರಿಸುತ್ತಿದ್ದರು. ಅರ್ಧ ಸುತ್ತಿಗೆ ಮುಂದಿನ ಟೈರು ಒಡೆಯಿತು. ಆ ಸಪ್ಪಳ ಹಲಗೆಯ ಸಪ್ಪಳದಲ್ಲಿ ಮುಳುಗಿಹೋಯಿತು. ಗಾಲಿ ಹೊರಳಿದ್ದನ್ನು ಕಂಡವರು ಅವರೊಬ್ಬರೇ. ಉಳಿದವರು ಕಂಡದ್ದು ಗಾಳೇಶ ಬಿದ್ದದ್ದನ್ನು.

ವಿರುಪಾಕ್ಷಪ್ಪ ಓಡಿದರು. ಓಡಿಹೋಗಿ ಮೊದಲು ಸೈಕಲ್ ಎತ್ತಿದರು. ಟೈರಿನ ಮೇಲೆ ಹೆಗಲ ಟವೆಲು ಹಾಕಿ ಗೋಡೆಗೆ ಒರಗಿಸಿ, ಆಮೇಲೆ ತಮ್ಮನ ಹತ್ತಿರ ಬಂದರು. ಇದನ್ನು ಅವರು ನನಗೆ ಮತ್ತೆ ಮತ್ತೆ ಹೇಳಿದರು. “ಮೊದಲ ಸೈಕಲ್ ಎತ್ತಿದ್ನಿರಿ. ಮೊದಲ ಸೈಕಲ್.”

ಗಾಳೇಶನಿಗೆ ಎಚ್ಚರವಿರಲಿಲ್ಲ. ತಲೆಗೆ ನೀರು ಹಾಕುತ್ತ ಪಂಪಾಪತಿಯವರು ಮರುಕದಿಂದ ಅಂದರು.

“ನಿದ್ದಿ ಹತ್ತೇತ್ಯೋ ಪಾಪ ಹುಡುಗಗ. ಏಳು ದಿನ ಅಂದ್ರ ಹುಡುಗಾಟ ಏನು? ಹೌದಿಲ್ಲೋ ವಿರುಪಾಕ್ಷಿ?”

“ಹೂಂ,” ಅಂದರು ವಿರುಪಾಕ್ಷಪ್ಪ.

ಅಷ್ಟೇ ಅವರು ಅಂದದ್ದು.

ತೊಡೆಯ ಎಲುಬು ಮುರಿದಿತ್ತು. ಕೊಪ್ಪಳದ ಆಸ್ಪತ್ರೆಯಲ್ಲಿ ಮೂರನೆಯ ದಿನ ಗಾಳೇಶ ಅಣ್ಣನ ಕೈ ಹಿಡಿದುಕೊಂಡ.

“ಯಣ್ಣಾ, ಎಲ್ಲಾರೂ ನಾ ಮಲಗಿದ್ದೆ ಅಂತಾರ. ನಾ ಮಲಗಿರಲಿಲ್ಲೋ. ಪಂಪಾಪತಿ ಮಾಮಾ ಮಾಲಿ ಹಿಡಕೊಂಡು ನಿಂತದ್ದು ನನಗ ಕಾಣಾಕತ್ತಿತ್ತು.”

ಆಗ ಹೇಳಬಹುದಿತ್ತು. ಆಸ್ಪತ್ರೆಯ ಆ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ದೇವರು ಒಂದು ಬಾಗಿಲನ್ನು ಎರಡು ಸಲ ತೆಗೆಯುತ್ತಾನೆ ಅನ್ನುತ್ತಾರೆ. ಇದು ಎರಡನೆಯ ಸಲ.

“ಕನಸಿನ್ಯಾಗ ಕಂಡಿರಬೇಕು ತಮ್ಮಾ,” ಅಂದರು.

ಗಾಳೇಶ ನಂಬಿದ. ಅಣ್ಣನ ಮಾತನ್ನು ಅವನು ಅಲ್ಲಿಯ ತನಕ ಒಮ್ಮೆಯೂ ತೆಗೆದುಹಾಕಿದವನಲ್ಲ.

ಎಲುಬು ಕೂಡಿತು. ಎಡಗಾಲು ಒಂದು ಬೆರಳಿನಷ್ಟು ಗಿಡ್ಡವಾಯಿತು. ಅದರಿಂದ ಬದುಕು ನಿಲ್ಲುತ್ತಿರಲಿಲ್ಲ. ಆದರೆ ಕಣ್ಣು ತೆರೆದುಕೊಂಡೇ ಮಲಗುವ ರೋಗ ತನಗಿದೆ ಎಂದು ಅವನ ಮನಸ್ಸಿನಲ್ಲಿ ಕುಳಿತುಬಿಟ್ಟಿತು. ಹನುಮಸಾಗರದ ಜನ ಅವನಿಗೆ ‘ನಿದ್ದಿ ಗಾಳ್ಯಾ’ ಎಂದು ಹೆಸರಿಟ್ಟರು. ಆ ಹೆಸರು ಸಂತೆಯಿಂದ ಸಂತೆಗೆ ಹೋಗಿ ಅವನಿಗಿಂತ ಮುಂಚೆ ಕುಷ್ಟಗಿ ಮುಟ್ಟಿತು. ಟೆಂಪೋ ಓಡಿಸುವ ಕೆಲಸ ಮನೆ ಬಾಗಿಲಿಗೆ ಬಂದಿತ್ತು, ಒಲ್ಲೆ ಅಂದ. ಬಸ್ಸಿನ ಡ್ರೈವರ್ ಕೆಲಸಕ್ಕೆ ಅರ್ಜಿ ಹಾಕು ಎಂದು ಮಾವನ ಮನೆಯವರು ಕಾಗದ ತಂದುಕೊಟ್ಟರು, ಅದನ್ನೂ ಮುಟ್ಟಲಿಲ್ಲ. ಐವತ್ತು ಜೀವ ಹೊತ್ತುಕೊಂಡು ಹೋಗುವವನು ಮಲಗಿಬಿಟ್ಟರೆ? ಕುಷ್ಟಗಿಯ ಹೊರಗೆ ಹೆಂಡತಿಯ ತವರಿನ ಜಾಗದಲ್ಲಿ ಮನೆ ಕಟ್ಟಿಕೊಂಡು ಆಡು ಸಾಕಿದ. ಆಡು ಮೇಯಿಸುವವರೆಲ್ಲ ಗಿಡದ ನೆರಳಿಗೆ ಕೂಡುತ್ತಾರೆ. ಗಾಳೇಶ ಕೂಡುವುದಿಲ್ಲ. ಕೋಲಿಗೆ ಗದ್ದ ಊರಿ ಸಂಜೆಯ ತನಕ ನಿಂತೇ ಇರುತ್ತಾನೆ.

ಅವರ ತಾಯಿ ಪಕೀರಮ್ಮ ಹುಲಿಗೆಮ್ಮನಿಗೆ ಹರಕೆ ಹೊತ್ತಳು. ಮಗನ ಕಣ್ಣಿಗೆ ಹತ್ತಿದ ನಿದ್ದೆಯನ್ನು ಬಿಡಿಸು ತಾಯಿ ಎಂದು ಹುಣ್ಣಿಮೆ ಹುಣ್ಣಿಮೆಗೆ ಹುಲಿಗಿಗೆ ಹೋಗಿ ದಾರ ಮಂತ್ರಿಸಿಕೊಂಡು ಬರುತ್ತಿದ್ದಳು. ಜೊತೆಗೆ ಹೋಗುತ್ತಿದ್ದವರು ವಿರುಪಾಕ್ಷಪ್ಪ. ಇಲ್ಲದ ರೋಗವನ್ನು ಗುಣಮಾಡು ಎಂದು ಹೆತ್ತವಳು ಸೆರಗೊಡ್ಡಿ ನಿಂತಾಗ ಪಕ್ಕದಲ್ಲಿ ಕಾಯಿ ಹಿಡಿದುಕೊಂಡು ನಿಂತಿರುತ್ತಿದ್ದರು. ಹದಿನಾಲ್ಕು ವರ್ಷ ಹೋದರು. ಆಕೆ ಅದೇ ಚಿಂತೆಯಲ್ಲಿ ಕಣ್ಣು ಮುಚ್ಚಿದಳು.

“ದೇವಿಗೆ ಗೊತ್ತಿತ್ರಿ,” ಎಂದರು ನನಗೆ. “ನಮ್ಮವ್ವಗ ಗೊತ್ತಿರಲಿಲ್ಲ.”

ಗಾಳೇಶನಿಗೆ ಒಬ್ಬಳೇ ಮಗಳು, ರಂಜಿತಾ. ಶಾಲೆಯ ಆಟದ ಮಾಸ್ತರರು ಅವಳ ಕಾಲಿನ ಕಸುವು ಕಂಡು ಕ್ರೀಡಾ ವಸತಿ ನಿಲಯಕ್ಕೆ ಸೇರಿಸಿದ್ದರು. ಸೈಕಲ್ ಪಂದ್ಯದಲ್ಲಿ ರಾಜ್ಯ ಮಟ್ಟದ ತನಕ ಹೋಗಿ ಬಂದವಳು. ಈಗ ಡಿಗ್ರಿ ಕೊನೆಯ ವರ್ಷ. ಅವಳ ತರಬೇತುದಾರರು ತಾವು ಬಳಸಿದ್ದ ಹಳೆಯ ಟ್ರ್ಯಾಕ್ ಸೈಕಲ್ಲೊಂದನ್ನು ಅವಳಿಗೆ ಬಿಟ್ಟುಕೊಟ್ಟಿದ್ದಾರೆ. ಅದೂ ಫ್ರೀವೀಲು ಇಲ್ಲದ್ದೇ. ರಸ್ತೆಗೆಂದು ಮುಂದೆ ಒಂದು ಬ್ರೇಕು ಕೂಡಿಸಿಕೊಂಡು ದಿನಾ ಬೆಳಿಗ್ಗೆ ಹೆದ್ದಾರಿಯ ಪಕ್ಕದ ದಾರಿಯಲ್ಲಿ ಅಭ್ಯಾಸ ಮಾಡುತ್ತಾಳೆ.

ಹೋದ ಶ್ರಾವಣದ ಒಂದು ರವಿವಾರ ಅವಳು ಅದೇ ಸೈಕಲ್ ಹತ್ತಿ ಇರಕಲ್ಲಗಡಕ್ಕೆ ಬಂದಳು. ಬೆವರು ಒರೆಸಿಕೊಳ್ಳುತ್ತ ಅಂಗಡಿಯ ಮುಂದೆ ಇಳಿದವಳನ್ನು ಕಂಡು ಗವಿಸಿದ್ದಪ್ಪ ಗಿರಣಿಯಿಂದಲೇ ಕೂಗಿದರು.

“ಬಾರವಾ ತಂಗಿ! ನಿಮ್ಮ ದೊಡ್ಡಪ್ಪ ನಿನಕಿಂತ ಮೊದಲ ನಿನ್ನ ಟೈರಿಗೆ ಆರಾಮ ಏನು ಅಂತ ಕೇಳ್ತಾನ ನೋಡು.”

ಹಾಗೆಯೇ ಆಯಿತು. ವಿರುಪಾಕ್ಷಪ್ಪ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿದರು. ಹಿಂದಿನ ಟೈರು ಒಂದು ಕಡೆ ಬೋಳಾಗಿತ್ತು. ಅವರ ಕೈ ಅಲ್ಲಿಗೇ ಹೋಗಿ ನಿಂತಿತು.

“ಮುಂದ ಎಷ್ಟ ಹಲ್ಲು ಅದಾವು?”

“ನಲವತ್ತೆಂಟು, ದೊಡ್ಡಪ್ಪ. ಹಿಂದ ಹದಿನಾರು.”

“ಹಿಂದಿನ ಚಕ್ರಾ ಹದಿನೇಳಕ್ಕ ಬದಲ ಮಾಡ್ಸು. ಅವಾಗ ಲೆಕ್ಕ ಕೂಡೂದಿಲ್ಲ, ನೀ ತಡದಾಗೊಮ್ಮೆ ಬ್ಯಾರೆ ಬ್ಯಾರೆ ಜಾಗಾ ನ್ಯಾಲಕ್ಕ ಹತ್ತತೈತಿ. ಟೈರ್ ಮೂರು ಪಟ್ಟು ಬಾಳಕಿ ಬರತೈತಿ.”

“ನಮ್ಮ ಸರ್ ಕಾಗದದ ಮ್ಯಾಲ ಲೆಕ್ಕಾ ಮಾಡಿ ಇದನ್ನ ಹೇಳಿದ್ರು. ನಿಮಗ ಯಾರು ಹೇಳಿದ್ರು?”

“ಸವದ ಟೈರ್ ಹೇಳಿದ್ವು.”

ರಂಜಿತಾ ಚೀಲದಿಂದ ಹೊಸ ಟೈರೊಂದನ್ನು ತೆಗೆದಳು. ಕೊಪ್ಪಳದಲ್ಲಿ ಅಂಗಡಿಯವರು ಮೂರು ನಮೂನೆ ತೋರಿಸಿದ್ದರಂತೆ. ಒಂದು ರೇಸಿನದು, ಹಗುರ, ಮೆತ್ತಗೆ, ಬೆಲೆ ಕೇಳಿದರೆ ಎದೆ ಹಾರುವಂಥದು. ಇನ್ನೊಂದು ಬಹಳ ಅಗ್ಗದ್ದು. ಇವಳು ತಂದದ್ದು ನಡುವಿನದು. ಒಳಗೆ ಮುಳ್ಳು ತಡೆಯುವ ಪದರ ಇರುವ, ಸ್ವಲ್ಪ ಅಗಲದ ಟೈರು. ವಿರುಪಾಕ್ಷಪ್ಪ ಅದನ್ನು ಮೂಗಿಗೆ ಹಿಡಿದು ವಾಸನೆ ನೋಡಿದರು. ಪಕ್ಕವನ್ನು ಚಿವುಟಿ ಮಡಚಿ ಬೆಳಕಿಗೆ ಹಿಡಿದರು.

“ಛಲೋದ ಆರಿಸೀದಿ. ಅಗ್ಗಾದ್ದು ಯಾಕ ಬಿಟ್ಟಿ?”

“ಮಡಚಿ ನೋಡಿದ್ನಿರಿ. ಪಕ್ಕದಾಗ ಕೂದಲದಂಗ ಗೆರಿ ಬಿಟ್ಟಿದ್ವು. ಅಂಗಡ್ಯಾಗ ಇಟ್ಟು ಇಟ್ಟು ಮುದುಕ ಆಗೇತಿ ಅಂತ ತಿಳೀತು.”

“ಶಾಣ್ಯಾಕಿ. ಮೂರು ತಿಂಗಳಿಗೆ ಒಡೀತಿತ್ತು ಅದು. ರೇಸಿಂದೂ ನಮ್ಮ ರಸ್ತೇಕ್ಕ ಬ್ಯಾಡ, ಜಾಲಿಮುಳ್ಳು ಅದಕ್ಕ ಕಾಯ್ಕೊಂಡ ಕುಂತಿರತಾವು.” ಅವರು ಮುಂದಿನ ಗಾಲಿಯ ನಟ್ಟಿಗೆ ಪಾನಾ ಹಚ್ಚಿದರು.

“ಅಲ್ರಿ, ಹಿಂದಕ್ಕ ಹಾಕ್ರಿ. ಗಟ್ಟಿ ಗಾಲಿ ಹಿಂದಿಂದ ತಿಂತೈತಿ. ಹಿಂದಿಂದು ತಗದು ಮುಂದಕ್ಕ ಹಾಕ್ರಿ, ಒಂದ ಜಾಗಾ ಬಿಟ್ರ ಎಲ್ಲಾ ಛಲೋ ಐತಿ.”

“ಹಂಗ ಹಾಕೂದಿಲ್ಲ.”

“ಗೊತ್ತೈತಿ ಬಿಡ್ರಿ, ನಿಮ್ಮ ಹಟಾ ಮೂರು ತಾಲೂಕಿಗೆ ಗೊತ್ತೈತಿ,” ಎಂದು ರಂಜಿತಾ ನಕ್ಕಳು. “ಆದ್ರ ಆಟದಾಗ ನೀವ ಹಂಗ ಹಾಕತಿದ್ರಂತಲ್ಲ? ನಮ್ಮಪ್ಪ ಹೇಳ್ಯಾನ. ನಿಮ್ಮ ದೊಡ್ಡಪ್ಪನಂಗ ಟೈರ್ ಉಳಸಾಂವ ಯಾರೂ ಇಲ್ಲ ಅಂತಾನ.”

ವಿರುಪಾಕ್ಷಪ್ಪ ಪಾನಾ ಕೆಳಗಿಟ್ಟರು. ಇಪ್ಪತ್ತೆಂಟು ವರ್ಷ ಒಳಗೇ ಇಟ್ಟುಕೊಂಡಿದ್ದ ಮಾತು ಆ ಹೊತ್ತಿಗೆ ಯಾಕೆ ಹೊರಗೆ ಬಂತೋ ಅವರಿಗೇ ತಿಳಿಯದು. ತಮ್ಮ ಇನ್ನೂ ತನ್ನನ್ನು ಹೊಗಳುತ್ತಿದ್ದಾನೆ ಎಂದು ಕೇಳಿದ್ದಕ್ಕೆ ಇರಬಹುದು.

“ಹಂಗ ಹಾಕಿದ್ದಕ್ಕ ನಿಮ್ಮಪ್ಪ ಬಿದ್ದ,” ಅಂದರು.

“ನಮ್ಮಪ್ಪ ನಿದ್ದಿ ಹತ್ತಿ ಬಿದ್ನಲ್ರಿ?”

“ಇಲ್ಲವಾ. ಅವಂಗ ನಿದ್ದಿ ಹತ್ತಿರಲಿಲ್ಲ.”

ಕಾಗದ, ಗೇಟರ್, ಪಾಲಿಶ್, ಹೂಂ ಅಂದದ್ದು, ಎಲ್ಲವನ್ನೂ ಹೇಳಿದರು. ರಂಜಿತಾ ಸೈಕಲ್ಲಿನ ಕಡೆಗೇ ನೋಡುತ್ತಿದ್ದಳು. ಅವಳ ಮುಖದ ನಗು ಹೋಗಿತ್ತು.

“ಹ್ವಾದ ವರ್ಷ ಹನುಮಸಾಗರದಾಗ ರೇಸ್ ಇತ್ತು, ದೊಡ್ಡಪ್ಪ. ನಿದ್ದಿ ಗಾಳ್ಯಾನ ಮಗಳು, ಯಾವ ತಿರುವಿನ್ಯಾಗ ಮಲಗತಾಳ ನೋಡೂಣು ಅಂತ ದಾರಿ ಮ್ಯಾಲ ನಿಂತು ನಗತಿದ್ರು. ನಮ್ಮಪ್ಪ ಅಲ್ಲೇ ನಿಂತಿದ್ದ. ತಲಿ ತಗ್ಗಿಸಿ ನಿಂತಿದ್ದ.”

ವಿರುಪಾಕ್ಷಪ್ಪ ಪಾನಾ ಎತ್ತಿ ಮತ್ತೆ ನಟ್ಟಿಗೆ ಹಚ್ಚಿದರು.

“ನಾ ಹೇಳೂದಿಲ್ಲ ಅವಗ,” ಎಂದಳು. “ನೀವ ಹೇಳ್ರಿ. ಹಗಲೊತ್ತಿನ್ಯಾಗ ಬರ್ರಿ, ಅವನ ಮುಂದ ನಿಂತು ಹೇಳ್ರಿ.”

ಹೊಸ ಟೈರು ಮುಂದಿನ ಗಾಲಿಗೇ ಹೋಯಿತು. ಹಿಂದಿನ ಟೈರನ್ನು ಅವರು ಅರ್ಧ ಸುತ್ತು ಸರಿಸಿ ಕೂಡಿಸಿದರು. ಅವಳು ಹೊರಟಾಗ ನಮಸ್ಕಾರ ಮಾಡಲಿಲ್ಲ. ಎಂದೂ ಹಾಗೆ ಹೋದವಳಲ್ಲ.

ಮರುದಿನ ಅಂಗಡಿಯ ಬಾಗಿಲು ಹಾಕಿತ್ತು. ವಿರುಪಾಕ್ಷಪ್ಪ ಎರಡು ಬಸ್ಸು ಬದಲಿಸಿ ಕುಷ್ಟಗಿಗೆ ಹೋದರು. ಊರ ಹೊರಗಿನ ಬೀಳು ಹೊಲದಲ್ಲಿ ಗಾಳೇಶ ಕೋಲಿಗೆ ಗದ್ದ ಊರಿ ನಿಂತಿದ್ದ.

“ಯಣ್ಣಾ! ಹೇಳದ ಕೇಳದ ಬಂದಿ? ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ಲೋ?”

“ಆರಾಮ ಅದಾರ. ನಿನ್ನ ಕೂಡ ಒಂದು ಮಾತಿತ್ತು.”

ನಿಂತುಕೊಂಡೇ ಹೇಳಿದರು. ಹೇಳುವಾಗ ತಮ್ಮನ ಮುಖ ನೋಡುವ ಧೈರ್ಯ ಬರಲಿಲ್ಲ, ಅವನ ಗಿಡ್ಡ ಕಾಲನ್ನೇ ನೋಡಿದರು. ಆಡುಗಳು ಪಕ್ಕದ ಸಜ್ಜೆಗೆ ಬಾಯಿ ಹಾಕಿದವು. ಗಾಳೇಶ ಅವನ್ನು ಅಟ್ಟಲಿಲ್ಲ.

“ಗೇಟರ್ ಎಷ್ಟುದ್ದ ಹಾಕಿದ್ದಿ?” ಎಂದು ಕೇಳಿದ.

“ಗೇಣುದ್ದ.”

“ಪಾಲಿಶ್ ನೀನ ಹಚ್ಚಿದ್ಯಾ?”

“ನಾನ.”

“ಹಂಗಾರ ಪಂಪಾಪತಿ ಮಾಮಾನ ಕೈಯಾಗಿನ ಮಾಲಿ...”

“ಕನಸಲ್ಲ ತಮ್ಮಾ. ಅದು ನಿನಗ ಖರೇವ ಕಂಡಿತ್ತು.”

“ಕಣಗಿಲಿ ಹೂವಿಂದು. ನಡುವ ಒಂದು ಗುಲಾಬಿ ಇತ್ತು.”

“ಹೌದು, ಇತ್ತು.”

ಗಾಳೇಶ ಕೈಯಿಂದ ಮುಖ ಒರೆಸಿಕೊಂಡ. “ರಂಜಿತಾ ಹಸಗೂಸು ಇದ್ದಾಗ ನಾ ಆಕೀನ ತೊಡಿ ಮ್ಯಾಲ ಹಾಕ್ಕೊಂಡಿಲ್ಲೋ ಯಣ್ಣಾ. ಮಲಗಿ ಕೈ ಬಿಟ್ಟೇನು ಅಂತ ಹೆದರಿಕಿ. ಅಮರಿ ಎಷ್ಟ ಬೈದ್ಲು. ಒಂದಿನಾನೂ ಹಾಕ್ಕೊಂಡಿಲ್ಲ.”

ವಿರುಪಾಕ್ಷಪ್ಪ ಬಾಗಿ ತಮ್ಮನ ಕಾಲು ಮುಟ್ಟಲು ಹೋದರು. ಅವನು ಎರಡು ಹೆಜ್ಜೆ ಹಿಂದೆ ಸರಿದ.

“ಅದೊಂದು ಮಾಡಬ್ಯಾಡ. ಹಿರ್ಯಾಂವ ನೀ. ಅದೂ ನನ್ನ ತಲಿ ಮ್ಯಾಲ ಹಾಕಬ್ಯಾಡ.”

ಇಬ್ಬರೂ ಸೇರಿ ಆಡು ಹೊಡೆದುಕೊಂಡು ಮನೆಗೆ ಬಂದರು. ಮನೆಯಲ್ಲಿ ಗಾಳೇಶನ ಹೆಂಡತಿ ಅಮರಮ್ಮ ರೊಟ್ಟಿ ಬಡಿಯುತ್ತಿದ್ದಳು, ರಂಜಿತಾ ಬಾಗಿಲಲ್ಲಿ ಕುಳಿತಿದ್ದಳು. ಗಾಳೇಶ ಹೆಂಡತಿಗೆ ನಾಲ್ಕೇ ಮಾತಿನಲ್ಲಿ ಹೇಳಿದ. ಅಮರಮ್ಮನ ಕೈ ರೊಟ್ಟಿಯ ಮೇಲೇ ನಿಂತಿತು.

“ಭಾವಾರ, ನಮ್ಮತ್ತಿ ಹುಲಿಗಿಯಿಂದ ಬಂದು ಇವರ ಕೈಗೆ ದಾರ ಕಟ್ಟತಿದ್ಲು. ಅವಾಗ ಪಕ್ಕದಾಗ ದೀಪಾ ಹಿಡಕೊಂಡು ನಿಂದರತಿದ್ದಾವ್ರು ನೀವ ಅಲ್ಲೇನ್ರಿ?”

“ನಾನ ಯವ್ವಾ.”

“ನಿಮ್ಮ ಕೈ ನಡಗಲಿಲ್ಲೇನ್ರಿ?”

ತುಸು ಹೊತ್ತಿಗೆ ಅಮರಮ್ಮ ಅವರ ಮುಂದೆ ತಾಟು ಇಟ್ಟಳು, ರೊಟ್ಟಿ ಹಾಕಿದಳು, ಕಾಳಿನ ಪಲ್ಯ ಹಾಕಿದಳು. ಉಣ್ಣಿರಿ ಎಂದು ಮಾತ್ರ ಅನ್ನಲಿಲ್ಲ. ಅನ್ನದ ಮುಂದೆ ಕುಳಿತವನು ಎದ್ದುಹೋಗಬಾರದೆಂದು ವಿರುಪಾಕ್ಷಪ್ಪ ಅರ್ಧ ರೊಟ್ಟಿ ನುಂಗಿದರು.

ಕೈ ತೊಳೆದ ಮೇಲೆ ಅವರೇ ಅಂದರು. “ಹನುಮಸಾಗರಕ್ಕ ಹೋಗ್ತೀನಿ. ಪಂಪಾಪತಿ ಇನ್ನೂ ಅಂಗಡ್ಯಾಗ ಕೂಡ್ತಾನಂತ. ಅವನ ಮುಂದ ಹೇಳಿದ್ರ ಊರಿಗೆ ಹೇಳಿದಂಗ.”

ಗಾಳೇಶ ಗೋಡೆಗೆ ಒರಗಿ ನಿಂತಿದ್ದ. ಅಣ್ಣನ ಮುಖವನ್ನು ಒಮ್ಮೆ ನೋಡಿ, ಹೆಂಡತಿಯ ಕಡೆ ಒಮ್ಮೆ ನೋಡಿ, ದನಿ ಇಳಿಸಿ ಹೇಳಿದ.

“ಕೇಳಿಲ್ಲಿ. ನೀ ಹೋಗೂದು ಬ್ಯಾಡ. ಊರಿಗೆಲ್ಲಾ ತಿಳದ್ರ ನಾಳೆ ನಿನ್ನ ಅಂಗಡೀಗೆ ಯಾರ್ ಸೈಕಲ್ ತರತಾರ? ನಾನ ಮಾಮಾಗ ಹೇಳ್ತೀನಿ. ಆರನೇ ದಿನ ಟ್ಯೂಬ್‌ಲೈಟ್ ಒಡದ ಆಟ ಆಡಿದ್ವಿಲ್ಲೋ? ಗಾಜಿನ ಚೂರು ಉಳದಿತ್ತು, ಅದು ಚುಚ್ಚಿ ಟೈರ್ ಒಡೀತು, ಈಗ ತಿಳದೈತಿ ಅಂತೀನಿ. ನನ್ನ ‘ನಿದ್ದಿ ಗಾಳ್ಯಾ’ ಅನ್ನೂ ಹೆಸರೂ ಹೋಗತೈತಿ, ನಿನ್ನ ಹೆಸರೂ ಉಳೀತೈತಿ. ಯಾರಿಗೂ ಕೆಡಕಿಲ್ಲ.”

ರಂಜಿತಾ ತಲೆ ಎತ್ತಿ ದೊಡ್ಡಪ್ಪನನ್ನು ನೋಡಿದಳು. ಅಮರಮ್ಮ ಒಲೆಯ ಮುಂದೆ ಅಲುಗಾಡದೆ ಕುಳಿತಿದ್ದಳು.

“ಬ್ಯಾಡ ಗಾಳೇಶಾ,” ಎಂದರು ವಿರುಪಾಕ್ಷಪ್ಪ. “ಗಾಜು ಇರಲಿಲ್ಲ. ಅವತ್ತ ಕಸಬರಿಗಿ ಹಿಡದು ಇಡೀ ಬಯಲು ನಾನ ಬಳದಿದ್ದೆ. ಒಂದು ಚೂರೂ ಬಿಟ್ಟಿರಲಿಲ್ಲ.” ಚಪ್ಪಲಿ ಮೆಟ್ಟಿಕೊಂಡರು. “ಹನುಮಸಾಗರದ ಬಸ್ ಎಷ್ಟಕ್ಕೈತಿ, ಅಷ್ಟು ಹೇಳು ಸಾಕು.”